ಮುಚ್ಚಿದ ಲಕೋಟೆ

ಹಾಗಲವಾಡಿಯು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿಗೆ ಸೇರಿದ ಊರು. ಒಂದು ಕಾಲದಲ್ಲಿ ಪಾಳೆಯಗಾರರು ಇಲ್ಲಿಂದಲೇ ಸುತ್ತಣ ಸೀಮೆಯನ್ನು ಆಳುತ್ತಿದ್ದರು. ಆ ದಿನಗಳಲ್ಲಿ ಓಲೆಯನ್ನು ಹೊತ್ತ ಆಳು ಕಾಡುಮೇಡುಗಳನ್ನು ದಾಟಿ ನಡೆಯಬೇಕಾಗಿತ್ತು. ಇಂದು ಅದೇ ಊರಿನ ಜಗಲಿಯ ಮೇಲೆ ಕುಳಿತು ಬರೆದ ಇ-ಮೇಲ್ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಲಾಚೆಯನ್ನು ಮುಟ್ಟುತ್ತದೆ. ಸಾಧನ ಬದಲಾಗಿದೆ, ಆದರೆ ಪತ್ರ ಬರೆಯುವವನ ಅಳುಕು ಬದಲಾಗಿಲ್ಲ. ‘ನಡುವೆ ಯಾರಾದರೂ ಇದನ್ನು ಓದಿಬಿಟ್ಟರೆ?’ ಎಂಬುದೇ ಆ ಅಳುಕು.

ಈ ಅಳುಕು ಆಧಾರವಿಲ್ಲದ್ದೇನೂ ಅಲ್ಲ. 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರು ತಮ್ಮ ರಾಜ್ಯದಲ್ಲಿ ಅಂಚೆಯ ವ್ಯವಸ್ಥೆಯನ್ನು ಏರ್ಪಡಿಸಿದರು. ಆ ಅಂಚೆಯವರು ಪತ್ರಗಳನ್ನು ಸಾಗಿಸುವುದರ ಜೊತೆಗೆ ತಮ್ಮ ಸೀಮೆಯ ಗುಟ್ಟಿನ ಸಮಾಚಾರಗಳನ್ನು ಅರಮನೆಗೆ ಮುಟ್ಟಿಸುತ್ತಿದ್ದರೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಮೈಸೂರು ಅಂಚೆಯು 1889ರಲ್ಲಿ ಭಾರತದ ಅಂಚೆ ಇಲಾಖೆಯಲ್ಲಿ ಸೇರಿಹೋಯಿತು. ಪತ್ರವನ್ನು ಒಯ್ಯುವವನೇ ಪತ್ರವನ್ನು ಅರಿಯಬಲ್ಲನೆಂಬ ಸತ್ಯ ಮಾತ್ರ ಉಳಿದುಕೊಂಡಿತು.

ಸಾಧಾರಣ ಇ-ಮೇಲ್ ಅಂಚೆಯ ಕಾರ್ಡಿನಂತೆ. ಅದನ್ನು ಇಟ್ಟುಕೊಂಡು ರವಾನಿಸುವ ಸಂಸ್ಥೆ ಬಯಸಿದರೆ ಅದನ್ನು ಓದಬಹುದು. ಈ ಕೊರತೆಯನ್ನು ನೀಗಲು ಹೊರಟದ್ದೇ ಗೂಢಲಿಪಿಯ ವಿದ್ಯೆ. ಡಿಫಿ ಮತ್ತು ಹೆಲ್ಮನ್ ಎಂಬ ಅಮೆರಿಕದ ವಿದ್ವಾಂಸರು 1976ರಲ್ಲಿ ಒಂದು ಹೊಸ ಮಾರ್ಗವನ್ನು ಜಗತ್ತಿನ ಮುಂದಿಟ್ಟರು. ಅದರಂತೆ ಪ್ರತಿಯೊಬ್ಬನಿಗೂ ಎರಡು ಕೀಲಿಗಳು. ಒಂದು ಎಲ್ಲರಿಗೂ ಕೊಡಬಹುದಾದ ಬಹಿರಂಗ ಕೀಲಿ. ಅದರಿಂದ ಬೀಗ ಹಾಕಬಹುದು, ತೆಗೆಯಲಾಗದು. ಇನ್ನೊಂದು ತನ್ನಲ್ಲಿಯೇ ಇಟ್ಟುಕೊಳ್ಳುವ ಖಾಸಗಿ ಕೀಲಿ. ಬೀಗ ತೆರೆಯುವುದು ಅದರಿಂದ ಮಾತ್ರ. ಈ ತತ್ತ್ವವನ್ನು ಅಳವಡಿಸಿ ಫಿಲ್ ಜಿಮ್ಮರ್‌ಮನ್ 1991ರಲ್ಲಿ ಜನಸಾಮಾನ್ಯರೂ ಬಳಸಬಹುದಾದ ಇ-ಮೇಲ್ ರಕ್ಷಣೆಯನ್ನು ಸಿದ್ಧಪಡಿಸಿದನು. 2014ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಪ್ರೋಟಾನ್ ಮೇಲ್ ಎಂಬ ಸೇವೆ ಇದೇ ದಾರಿಯಲ್ಲಿ ಆರಂಭವಾಯಿತು.

ಹಾಗಾದರೆ ಎಲ್ಲವೂ ಭದ್ರವೆ? ಹಾಗಲವಾಡಿಯ ರೈತನೊಬ್ಬನು ತನ್ನ ಜಮೀನಿನ ವ್ಯಾಜ್ಯವನ್ನು ಕುರಿತು ತುಮಕೂರಿನ ವಕೀಲರಿಗೆ ಗೂಢಲಿಪಿಯಲ್ಲಿ ಪತ್ರ ಬರೆದನೆನ್ನೋಣ. ಪತ್ರದ ಒಡಲು ಮುಚ್ಚಿಹೋಯಿತು. ಆದರೆ ಲಕೋಟೆಯ ಮೇಲಿನ ವಿಳಾಸವನ್ನು ಮುಚ್ಚುವಂತಿಲ್ಲ. ಮುಚ್ಚಿದರೆ ಪತ್ರ ತಲಪುವುದಾದರೂ ಎಲ್ಲಿಗೆ? ಯಾರು, ಯಾರಿಗೆ, ಯಾವ ದಿನ, ಎಷ್ಟು ಹೊತ್ತಿಗೆ ಬರೆದರೆಂಬುದು ಸಾಗಿಸುವವರಿಗೆ ಗೋಚರವೇ. ಅನೇಕ ವ್ಯವಸ್ಥೆಗಳಲ್ಲಿ ವಿಷಯದ ಸಾಲು ಸಹ ಪತ್ರದ ಒಡಲಿನಷ್ಟು ಭದ್ರವಾಗಿರುವುದಿಲ್ಲ. ಅಲ್ಲಿ ‘ಜಮೀನಿನ ವ್ಯಾಜ್ಯ’ ಎಂದು ಬರೆದರೆ ಬೀಗ ಹಾಕಿದ ಪೆಟ್ಟಿಗೆಯ ಮೇಲೆ ಒಳಗಿನ ಒಡವೆಯ ಹೆಸರನ್ನು ಬರೆದಂತೆಯೇ ಸರಿ.

ಎರಡನೆಯ ಮಿತಿ ದಾರಿಯಲ್ಲಿಲ್ಲ, ದಾರಿಯ ಎರಡು ತುದಿಗಳಲ್ಲಿದೆ. ಪತ್ರವನ್ನು ಓದಬೇಕಾದವನು ಅದನ್ನು ತೆರೆಯಲೇಬೇಕು. ತೆರೆದ ಮೇಲೆ ಅವನು ಅದನ್ನು ಇನ್ನೊಬ್ಬರಿಗೆ ತೋರಿಸಬಹುದು. ಅವನ ಫೋನ್ ಕಳ್ಳರ ಪಾಲಾಗಬಹುದು. ನಮ್ಮ ಮನೆಗಳಲ್ಲಿ ಒಂದೇ ಫೋನನ್ನು ನಾಲ್ವರು ಬಳಸುವುದುಂಟು. ಅಂಥಲ್ಲಿ ಕಡಲಾಚೆಯ ಕಳ್ಳನಿಗಿಂತ ಪಕ್ಕದಲ್ಲಿ ಕುಳಿತವರ ಕಣ್ಣೇ ಹತ್ತಿರದ್ದು. ಕಾಗದ ತಲಪಿದ ಕಡೆ ಅದೇ ಬಗೆಯ ಬೀಗವಿಲ್ಲದಿದ್ದರೆ ಅಲ್ಲಿ ಅದು ಮತ್ತೆ ಅಂಚೆಯ ಕಾರ್ಡಾಗುತ್ತದೆ.

ಮೂರನೆಯದು ಕಾನೂನಿನ ಮಿತಿ. ಸೇವೆ ನೀಡುವ ಸಂಸ್ಥೆ ಯಾವುದಾದರೊಂದು ದೇಶದ ಕಾಯಿದೆಗೆ ಒಳಪಟ್ಟಿರುತ್ತದೆ. 2021ರಲ್ಲಿ ಸ್ವಿಟ್ಜರ್ಲೆಂಡಿನ ಅಧಿಕಾರಿಗಳ ಆಜ್ಞೆಯಂತೆ ಪ್ರೋಟಾನ್ ಸಂಸ್ಥೆಯು ಫ್ರಾನ್ಸಿನ ಹೋರಾಟಗಾರರೊಬ್ಬರ ಇಂಟರ್‌ನೆಟ್ ವಿಳಾಸವನ್ನು ಒಪ್ಪಿಸಬೇಕಾಯಿತು. ಪತ್ರದ ಒಡಲು ಮುಚ್ಚಿಯೇ ಇತ್ತು. ಬರೆದವರ ಜಾಡು ಮಾತ್ರ ದೊರೆಯಿತು.

ಗೂಢತೆಗೆ ಇನ್ನೊಂದು ಮುಖವೂ ಇದೆ. ಸಂಸ್ಥೆಯೊಂದು ತನ್ನ ಮಹಿಳಾ ಉದ್ಯೋಗಿಗಳನ್ನು ಹೀನವಾಗಿ ಚಿತ್ರಿಸಿದ ಅಶ್ಲೀಲ ಪತ್ರಗಳು ಪ್ರೋಟಾನ್ ಮೇಲ್‌ನಿಂದ ಬಂದವೆಂದು ಕರ್ನಾಟಕ ಹೈಕೋರ್ಟಿನ ಮೊರೆಹೊಕ್ಕಿತು. 2025ರ ಏಪ್ರಿಲ್ 29ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಮೇರೆಗೆ ಆ ಸೇವೆಯನ್ನು ತಡೆಯುವ ಕ್ರಮವನ್ನು ಕೈಗೊಳ್ಳುವಂತೆ ಕೇಂದ್ರ ಸರ್ಕಾರಕ್ಕೆ ಆದೇಶಿಸಿದರು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಪತ್ರಗಳ ಮಾತು ಗುಟ್ಟಾಗಿರಲಿಲ್ಲ. ತಲಪಿದವರೆಲ್ಲ ಅದನ್ನು ಓದಿದರು. ಮರೆಯಾಗಿದ್ದುದು ಬರೆದವನ ಮುಖ. ಮಾತನ್ನು ಮುಚ್ಚುವುದು ಬೇರೆ, ಮುಖವನ್ನು ಮುಚ್ಚುವುದು ಬೇರೆ. ಒಂದೇ ಬೀಗ ಸಜ್ಜನನ ಮನೆಯನ್ನೂ ಕಾಯುತ್ತದೆ, ದುರ್ಜನನ ಮನೆಯನ್ನೂ ಕಾಯುತ್ತದೆ. ಹಾಗೆಂದು ಊರಿನ ಬೀಗಗಳನ್ನೆಲ್ಲ ಒಡೆಯಲಾದೀತೆ? ನೊಂದವರಿಗೆ ನ್ಯಾಯ ದೊರೆಯದೆ ಇರಲಾದೀತೆ? ಇವೆರಡರ ನಡುವೆ ದಾರಿಯನ್ನು ಹುಡುಕುವುದೇ ನಮ್ಮ ಕಾಲದ ಕಠಿಣವಾದ ಹೊಣೆ.

ಆ ದಾರಿಗೆ ಬೆಳಕು ತೋರಿದವರೂ ಕನ್ನಡ ನಾಡಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಸಲ್ಲಿಸಿದ ಅರ್ಜಿಯ ಫಲವಾಗಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆದರೆ ಆ ಹಕ್ಕು ಮಿತಿಯಿಲ್ಲದ್ದಲ್ಲ. ಅದನ್ನು ಮೊಟಕುಗೊಳಿಸುವ ಅಧಿಕಾರವೂ ಮಿತಿಯಿಲ್ಲದ್ದಲ್ಲ. ಅದಕ್ಕೆ ಕಾನೂನಿನ ಆಧಾರ ಬೇಕು, ನ್ಯಾಯವಾದ ಉದ್ದೇಶ ಬೇಕು, ಉದ್ದೇಶಕ್ಕೆ ತಕ್ಕ ಅಳತೆ ಬೇಕು.

ಬೀಗವನ್ನು ಬಳಸುವುದು ವಿವೇಕ. ಬೀಗವೊಂದನ್ನೇ ನಂಬುವುದು ಅವಿವೇಕ. ಏನನ್ನು ಬರೆಯಬೇಕು, ಯಾರಿಗೆ ಬರೆಯಬೇಕು ಎಂಬ ವಿವೇಚನೆಯನ್ನು ಯಾವ ಯಂತ್ರವೂ ನಮಗೆ ಕೊಡಲಾರದು. ಅದನ್ನು ನಾವೇ ಬೆಳೆಸಿಕೊಳ್ಳಬೇಕು.

ಪದಗಳ ಅರ್ಥ
ಗೂಢಲಿಪಿ – ಗುಟ್ಟಾದ ಬರಹ. ವ್ಯಾಜ್ಯ – ತಕರಾರು. ಜಾಡು – ಹೆಜ್ಜೆಯ ಗುರುತು. ಒಡಲು – ಒಳಭಾಗ.

ಅಭ್ಯಾಸ
1. ಬಹಿರಂಗ ಕೀಲಿಗೂ ಖಾಸಗಿ ಕೀಲಿಗೂ ಇರುವ ವ್ಯತ್ಯಾಸವೇನು?
2. ಗೂಢಲಿಪಿಯ ಪತ್ರಕ್ಕಿರುವ ಮೂರು ಮಿತಿಗಳನ್ನು ವಿವರಿಸಿರಿ.
3. ‘ಮಾತನ್ನು ಮುಚ್ಚುವುದು ಬೇರೆ, ಮುಖವನ್ನು ಮುಚ್ಚುವುದು ಬೇರೆ’ – ಸಂದರ್ಭದೊಡನೆ ಸ್ವಾರಸ್ಯವನ್ನು ತಿಳಿಸಿರಿ.