ಹಗ್ಗ ಹೊಸೆಯೋಣ ಬನ್ರಿ

ದುಧನಿ ಕಡೆಯ ಹಳ್ಳಿಗಳಲ್ಲಿ ಹಗ್ಗ ಇಲ್ಲದ ಮನಿ ಸಿಗುವುದು ಕಷ್ಟ. ಎತ್ತು ಕಟ್ಟಲು ಹಗ್ಗ ಬೇಕು. ನೀರು ಸೇದಲು ಹಗ್ಗ ಬೇಕು. ಮೇವಿನ ಹೊರೆ ಕಟ್ಟಲೂ ಹಗ್ಗ ಬೇಕು. ಹಿಂದೆ ಪುಂಡಿ ನಾರಿನಿಂದ ಮನೆಯಲ್ಲೇ ಹಗ್ಗ ಹೊಸೆಯುತ್ತಿದ್ದರು. ಈಗ ಬಹಳ ಮಂದಿ ಪೇಟೆಯಿಂದ ತರುತ್ತಾರೆ. ಆದರೆ ಹಗ್ಗ ಮಾಡಲು ಬಲ್ಲವರಿಗೆ ಹಗ್ಗ ಆರಿಸಲೂ ಬರುತ್ತದೆ.

ಮೊದಲು ಒಂದು ಸಣ್ಣ ಹಗ್ಗ ಮಾಡಿ ಕಲಿಯೋಣ. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಮಣ್ಣಿನ ಎತ್ತು ಮಾಡ್ತಾರಲ್ಲ, ಅದಕ್ಕೆ ತಕ್ಕ ಹಗ್ಗ. ದೊಡ್ಡ ಹಗ್ಗ 20 ಮಿ.ಮೀ. ದಪ್ಪ ಇದ್ದರೆ, ಅದರ ಹತ್ತನೇ ಒಂದು ಪಾಲು 2 ಮಿ.ಮೀ. ಸುಮಾರು 1 ಮಿ.ಮೀ. ದಪ್ಪದ ಹತ್ತಿ ದಾರದ 3 ಎಳೆ ಸೇರಿದರೆ ಅಷ್ಟು ದಪ್ಪ ಬರುತ್ತದೆ.

ಹೊಸೆದಾಗ ಉದ್ದ ಕಡಿಮೆ ಆಗುತ್ತದೆ. ಆದ್ದರಿಂದ 2 ಮೊಳದ ಹಗ್ಗಕ್ಕೆ 3 ಮೊಳದ ಎಳೆ ತಗೊಳ್ರಿ. 3 ಎಳೆಗೆ ಒಟ್ಟು 9 ಮೊಳ ದಾರ ಬೇಕು.

ಮಾಡುವ ಬಗೆ

1. ಮೂರೂ ಎಳೆಯ ಒಂದು ತುದಿಯನ್ನು ಗೂಟಕ್ಕೆ ಕಟ್ಟಿರಿ.
2. ಒಂದೊಂದು ಎಳೆಯನ್ನು ಒಬ್ಬೊಬ್ಬರು ಹಿಡಿದು ತಿರುವಿರಿ. ದಾರದ ಹುರಿ ಬಿಚ್ಚುವ ಕಡೆಗೆ ಅಲ್ಲ, ಬಿಗಿಯುವ ಕಡೆಗೆ ತಿರುವಿರಿ. ಮೂವರೂ ಸಮನಾಗಿ ತಿರುವಬೇಕು. ಎಳೆ ಸಡಿಲ ಬಿಡಬೇಡಿ.
3. ಮೂರು ತುದಿಗಳನ್ನು ಒಂದು ಕಡ್ಡಿಗೆ ಸೇರಿಸಿ ಕಟ್ಟಿರಿ.
4. ಈಗ ಕಡ್ಡಿಯನ್ನು ಎದುರು ದಿಕ್ಕಿಗೆ ತಿರುವಿರಿ. ಎಳೆಗಳ ನಡುವೆ ಬೆರಳು ಇಟ್ಟು, ಕಡ್ಡಿಯಿಂದ ಗೂಟದ ಕಡೆಗೆ ನಿಧಾನ ಸರಿಸಿರಿ.
5. ಎರಡೂ ತುದಿಗೆ ಗಂಟು ಹಾಕಿರಿ.

ನೋಡ್ರಿ, ಹಗ್ಗದ ಗುಟ್ಟು ಇಲ್ಲೇ ಅದ. ಎಳೆ ಒಂದು ಕಡೆಗೆ ಬಿಚ್ಚಲು ನೋಡುತ್ತದೆ. ಹಗ್ಗ ಇನ್ನೊಂದು ಕಡೆಗೆ ಬಿಚ್ಚಲು ನೋಡುತ್ತದೆ. ಒಂದನ್ನೊಂದು ತಡೆಯುತ್ತವೆ. ಅದಕ್ಕೇ ಹಗ್ಗ ನಿಲ್ಲುತ್ತದೆ.

ದೊಡ್ಡ ಹಡಗಿನ ಹಗ್ಗಕ್ಕೂ ಇದೇ ನಿಯಮ. ಇಂಗ್ಲೆಂಡಿನ ಚಾಟಮ್ ಊರಿನಲ್ಲಿ 1618ರಿಂದ ಹಡಗಿಗೆ ಹಗ್ಗ ಮಾಡುತ್ತಾ ಬಂದಿದ್ದಾರೆ. ಅಲ್ಲಿಯ ಹಗ್ಗದ ಮನೆ ಸುಮಾರು 346 ಮೀಟರ್ ಉದ್ದ. ಉದ್ದನೆಯ ಎಳೆ ನೇರವಾಗಿ ಹಾಸಬೇಕಲ್ಲ, ಅದಕ್ಕೆ ಅಷ್ಟು ಉದ್ದ. ಆಟಿಕೆ ಹಡಗು ಕಟ್ಟುವವರೂ ಮನೆಯಲ್ಲಿ ಹೀಗೇ ಸಣ್ಣ ಹಗ್ಗ ಹೊಸೆಯುತ್ತಾರೆ.

ಇನ್ನು ಪೇಟೆಗೆ ಹೋದಾಗ ಹಗ್ಗವನ್ನು ಸ್ವಲ್ಪ ಬಿಚ್ಚಿ ಒಳಗೆ ನೋಡ್ರಿ. ಕೈ ಬಿಟ್ಟರೆ ಎಳೆಗಳು ತಾವೇ ಮುಚ್ಚಿಕೊಂಡರೆ ಹುರಿ ಬಿಗಿ ಅದ. ಒಳಗಿನ ನಾರು ಪುಡಿ ಆಗಿದ್ದರೆ, ಕಪ್ಪಾಗಿದ್ದರೆ ಬೇಡ ಅನ್ರಿ. ನಾರಿನ ಹಗ್ಗ ಒದ್ದೆ ಇಟ್ಟರೆ ಕೊಳೆಯುತ್ತದೆ. ನೈಲಾನ್ ಹಗ್ಗ ಬಹಳ ದಿನ ಬಿಸಿಲಿಗೆ ಬಿದ್ದರೆ ಬಲ ಕಳೆದುಕೊಳ್ಳುತ್ತದೆ.

ಬಾವಿಗೆ ಇಳಿಯುವವರ ಜೀವ ಹಗ್ಗದ ಮೇಲೆ ಇರುತ್ತದೆ. ಸವೆದ ಹಗ್ಗ ಕಟ್ಟಿ ಯಾರನ್ನೂ ಇಳಿಸಬೇಡಿ. ಗಂಟು ಹಾಕಿ ಜೋಡಿಸಿದ ಹಗ್ಗವೂ ಬೇಡ.

ಅಭ್ಯಾಸ

1. ಓದಿ ಬರೆಯಿರಿ: ಹಗ್ಗ, ಎಳೆ, ಹುರಿ, ನಾರು, ಗೂಟ.
2. 4 ಮೊಳದ ಹಗ್ಗಕ್ಕೆ ಒಟ್ಟು ಎಷ್ಟು ಮೊಳ ದಾರ ಬೇಕು?
3. ನಿಮ್ಮ ಮನೆಯ ಹಗ್ಗವನ್ನು ಇಂದೇ ಬಿಚ್ಚಿ ನೋಡಿರಿ. ಏನು ಕಂಡಿತು? ಎರಡು ಸಾಲು ಬರೆಯಿರಿ.