ಊರನ್ನು ಬಳಸಿ ಹೋಗುವ ದಾರಿ: ವರ್ತುಲ ರಸ್ತೆಯ ಲೆಕ್ಕಾಚಾರ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ವಿದ್ಯಾರ್ಥಿಗಳಿಗೆ 'ಪಿ.ಬಿ. ರಸ್ತೆ' ಎಂಬ ಹೆಸರು ಹೊಸದಲ್ಲ. ಪೂನಾ–ಬೆಂಗಳೂರು ರಸ್ತೆಯ ಸಂಕ್ಷಿಪ್ತ ರೂಪವೇ ಅದು. ಹಿಂದೆ ಈ ಹೆದ್ದಾರಿಯು ಹಾವೇರಿ ಮತ್ತು ರಾಣೆಬೆನ್ನೂರುಗಳ ಪೇಟೆಯ ನಡುವೆಯೇ ಹಾದುಹೋಗುತ್ತಿತ್ತು. ದೂರದ ಮುಂಬಯಿಯಿಂದ ಹೊರಟ ಲಾರಿಯೂ ಪಕ್ಕದ ಹಳ್ಳಿಯಿಂದ ಸಂತೆಗೆ ಬಂದ ಚಕ್ಕಡಿಯೂ ಒಂದೇ ಬೀದಿಯಲ್ಲಿ ಚಲಿಸಬೇಕಾಗಿತ್ತು. ದೆಹಲಿ, ಮುಂಬಯಿ, ಚೆನ್ನೈ, ಕೋಲ್ಕತ್ತ ನಗರಗಳನ್ನು ಜೋಡಿಸುವ 5,846 ಕಿ.ಮೀ. ಉದ್ದದ ಸುವರ್ಣ ಚತುಷ್ಪಥ ಯೋಜನೆಯಲ್ಲಿ ಈ ಹೆದ್ದಾರಿ ಅಗಲವಾದಾಗ, ಅದು ಊರುಗಳನ್ನು ಹೊರಗಿನಿಂದ ಬಳಸಿ ಸಾಗಿತು. ಅಂದು 4 ಎಂಬ ಸಂಖ್ಯೆಯನ್ನು ಹೊಂದಿದ್ದ ಆ ಹೆದ್ದಾರಿಯೇ ಈಗಿನ ರಾಷ್ಟ್ರೀಯ ಹೆದ್ದಾರಿ 48.

ಹೀಗೆ ಊರನ್ನು ಬಳಸುವ ರಸ್ತೆಯ ತುಣುಕಿಗೆ ಬೈಪಾಸ್ ಎನ್ನುತ್ತಾರೆ. ಅದು ವೃತ್ತದ ಒಂದು ಕಂಸವಿದ್ದಂತೆ. ಒಂದೇ ಹೆದ್ದಾರಿ ಹಾಯುವ ಊರಿಗೆ ಒಂದು ಕಂಸ ಸಾಕು. ಆದರೆ ಮಹಾನಗರಕ್ಕೆ ಗಾಲಿಯ ಅರೆಕಾಲುಗಳಂತೆ ಎಲ್ಲ ದಿಕ್ಕುಗಳಿಂದಲೂ ಹೆದ್ದಾರಿಗಳು ಬಂದು ಸೇರುತ್ತವೆ. ಅಲ್ಲಿ ಕಂಸಗಳೆಲ್ಲ ಕೂಡಿ ಪೂರ್ಣ ವೃತ್ತವಾಗಬೇಕು. ಅದೇ ವರ್ತುಲ ರಸ್ತೆ.

ಯಾವ ದಾರಿ ಹತ್ತಿರ?

ನಗರವನ್ನು ಒಂದು ವೃತ್ತವೆಂದು ಭಾವಿಸೋಣ. ಅದರ ತ್ರಿಜ್ಯ 10 ಕಿ.ಮೀ. ಇರಲಿ. ಒಂದು ಅಂಚಿನಿಂದ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಅಂಚಿಗೆ ಹೋದರೆ ಒಟ್ಟು 20 ಕಿ.ಮೀ. ಆಗುತ್ತದೆ. ಎರಡು ಅಂಚುಗಳು ಎದುರುಬದುರಾಗಿದ್ದರೆ ವರ್ತುಲ ರಸ್ತೆಯಲ್ಲಿ ಅರ್ಧ ಪರಿಧಿಯನ್ನು, ಎಂದರೆ 31.4 ಕಿ.ಮೀ. ದೂರವನ್ನು ಕ್ರಮಿಸಬೇಕು. ಬಳಸುದಾರಿ ಒಂದೂವರೆ ಪಟ್ಟಿಗಿಂತಲೂ ಉದ್ದವಾಯಿತು.

ಹಾಗಾದರೆ ಲಾಭವೆಲ್ಲಿ? ದೂರವನ್ನು ಬಿಟ್ಟು ಕಾಲವನ್ನು ನೋಡಬೇಕು. ನಗರದೊಳಗೆ ಗಂಟೆಗೆ 20 ಕಿ.ಮೀ. ವೇಗವೆಂದರೆ ಆ ಪ್ರಯಾಣಕ್ಕೆ ಒಂದು ಗಂಟೆ ಹಿಡಿಯುತ್ತದೆ. ವರ್ತುಲ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗವಿದ್ದರೆ ಸುಮಾರು 31 ನಿಮಿಷ ಸಾಕು.

ಎರಡು ಹೆದ್ದಾರಿಗಳ ನಡುವಣ ಕೋನ ಕಿರಿದಾದಂತೆ ವರ್ತುಲದ ದಾರಿಯೂ ಕಿರಿದಾಗುತ್ತದೆ. ಕಂಸದ ಉದ್ದವು ತ್ರಿಜ್ಯದ ಎರಡರಷ್ಟಾದಾಗ ಎರಡು ದಾರಿಗಳೂ ಸಮ. ಆಗಿನ ಕೋನ 2 ರೇಡಿಯನ್, ಎಂದರೆ ಸುಮಾರು 114.6 ಡಿಗ್ರಿ. ಅದಕ್ಕಿಂತ ಕಡಿಮೆಯಾದರೆ ದೂರದಲ್ಲಿಯೂ ವರ್ತುಲ ರಸ್ತೆಗೇ ಗೆಲುವು.

ಬ್ಯಾಡಗಿಯ ಮೆಣಸಿನಕಾಯಿಯನ್ನು ಹೇರಿಕೊಂಡ ಲಾರಿಯೊಂದು ಚೆನ್ನೈಗೆ ಹೊರಟಿತೆನ್ನೋಣ. ಅದು ಮೋಟೆಬೆನ್ನೂರಿನ ಬಳಿ ಹೆದ್ದಾರಿಯನ್ನು ಸೇರಿ, ವಾಯವ್ಯ ದಿಕ್ಕಿನಿಂದ ಬೆಂಗಳೂರನ್ನು ಸಮೀಪಿಸುತ್ತದೆ. ಹೊಸಕೋಟೆಯ ಮಾರ್ಗವಾಗಿ ಮುಂದೆ ಸಾಗಬೇಕು. ನಗರದ ಕೇಂದ್ರದಿಂದ ನೋಡಿದರೆ ದಾಬಸ್‌ಪೇಟೆಗೂ ಹೊಸಕೋಟೆಗೂ ನಡುವೆ ಸುಮಾರು 120 ಡಿಗ್ರಿ ಕೋನವಿದೆ. ದೂರದಲ್ಲಿ ಹೆಚ್ಚಿನ ಅಂತರವಿಲ್ಲ. ಕಾಲದಲ್ಲಿ ಬಹಳ ಅಂತರವಿದೆ. ಬೆಂಗಳೂರಿನ ಸುತ್ತಣ ಉಪನಗರಗಳನ್ನು ಜೋಡಿಸುವ ಸುಮಾರು 280 ಕಿ.ಮೀ. ಉದ್ದದ ವರ್ತುಲ ರಸ್ತೆಯ ಯೋಜನೆಯಲ್ಲಿ, ದಾಬಸ್‌ಪೇಟೆ–ಹೊಸಕೋಟೆ ಭಾಗವು 2024ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು.

ತಿರುವಿನ ರಹಸ್ಯ

ವೃತ್ತಾಕಾರದ ರಸ್ತೆಯಲ್ಲಿ ವಾಹನವು ಹೊರಕ್ಕೆ ಜಾರುವುದಿಲ್ಲವೇ? ತಿರುವಿನಲ್ಲಿ ವಾಹನವನ್ನು ಒಳಕ್ಕೆ ಎಳೆಯುವ ಬಲ ಬೇಕು. ಟೈರಿನ ಘರ್ಷಣೆಯೂ ರಸ್ತೆಯ ಒಳಮುಖ ಇಳಿಜಾರೂ ಕೂಡಿ ಅದನ್ನು ಒದಗಿಸುತ್ತವೆ. ವಾಹನದ ತೂಕದ ಎಷ್ಟನೆಯ ಭಾಗದಷ್ಟು ಬಲ ಬೇಕೆಂಬುದನ್ನು ತಿಳಿಯಲು, ಗಂಟೆಗೆ ಕಿಲೋಮೀಟರ್‌ಗಳಲ್ಲಿ ಹೇಳಿದ ವೇಗದ ವರ್ಗವನ್ನು, ಮೀಟರ್‌ಗಳಲ್ಲಿ ಹೇಳಿದ ತ್ರಿಜ್ಯದ 127 ಪಟ್ಟಿನಿಂದ ಭಾಗಿಸಬೇಕು. ನಮ್ಮ ದೇಶದ ರಸ್ತೆ ವಿನ್ಯಾಸದಲ್ಲಿ ಬಯಲುನಾಡಿಗೆ ಸಾಮಾನ್ಯವಾಗಿ ಇಳಿಜಾರಿಗೆ 0.07, ಘರ್ಷಣೆಗೆ 0.15, ಒಟ್ಟು 0.22ರವರೆಗೆ ಎಣಿಸುತ್ತಾರೆ.

ಗಂಟೆಗೆ 100 ಕಿ.ಮೀ. ವೇಗಕ್ಕೆ ಈ ಲೆಕ್ಕದಂತೆ ಸುಮಾರು 360 ಮೀಟರ್ ತ್ರಿಜ್ಯ ಸಾಕಾಗುತ್ತದೆ. ನಮ್ಮ ವರ್ತುಲದ ತ್ರಿಜ್ಯವಾದರೋ 10,000 ಮೀಟರ್. ಅಲ್ಲಿ ಬೇಕಾಗುವ ಬಲ ತೂಕದ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಚಾಲಕನಿಗೆ ಅದು ನೇರ ರಸ್ತೆಯೆಂದೇ ತೋರುತ್ತದೆ. ನಿಜವಾದ ಅಪಾಯವಿರುವುದು ಒಂದು ಹೆದ್ದಾರಿಯಿಂದ ಇನ್ನೊಂದಕ್ಕೆ ಇಳಿಯುವ ಸುತ್ತುದಾರಿಗಳಲ್ಲಿ. ಅವುಗಳ ತ್ರಿಜ್ಯ 57 ಮೀಟರ್ ಮಾತ್ರವಿದ್ದರೆ ವೇಗವು 40ನ್ನು ಮೀರಬಾರದು. ಅಲ್ಲಿ ನಿಲ್ಲಿಸಿರುವ ವೇಗಮಿತಿಯ ಫಲಕದ ಹಿಂದೆ ಇಂತಹ ಗಣಿತವಿದೆ.

ಉಂಗುರ ಬಿಗಿಯಾಗುವುದೇಕೆ?

ಅಮೆರಿಕದ ವಾಷಿಂಗ್ಟನ್ ನಗರದ 103 ಕಿ.ಮೀ. ವರ್ತುಲ ರಸ್ತೆ 1964ರಲ್ಲಿಯೂ, ಲಂಡನ್ನಿನ 188 ಕಿ.ಮೀ. ರಸ್ತೆ 1986ರಲ್ಲಿಯೂ ಪೂರ್ಣಗೊಂಡವು. ಎರಡೂ ಇಂದು ವಾಹನದಟ್ಟಣೆಗೆ ಹೆಸರಾಗಿವೆ. ಬೆಂಗಳೂರಿನ ಸುಮಾರು 60 ಕಿ.ಮೀ. ಹೊರ ವರ್ತುಲ ರಸ್ತೆಯ ಕಥೆಯೂ ಇದೇ. ಹಾದುಹೋಗುವ ವಾಹನಗಳಿಗೆಂದು ಮಾಡಿದ ರಸ್ತೆಯ ಪಕ್ಕದಲ್ಲಿ ಕಚೇರಿಗಳೂ ವಸತಿಗಳೂ ಎದ್ದವು. ರಸ್ತೆಯು ನಗರದ ಬೀದಿಯಾಯಿತು.

ಇದಕ್ಕೆ ಕಾರಣ ಸ್ಪಷ್ಟ. ಹೊಸ ರಸ್ತೆ ಪ್ರಯಾಣದ ಕಾಲವನ್ನು ತಗ್ಗಿಸುತ್ತದೆ. ಕಾಲ ತಗ್ಗಿದ ಸ್ಥಳದಲ್ಲಿ ಭೂಮಿಯ ಬೆಲೆ ಏರುತ್ತದೆ, ಕಟ್ಟಡಗಳು ಬರುತ್ತವೆ. ಪ್ರತಿಯೊಂದು ಕಟ್ಟಡವೂ ಹೊಸ ವಾಹನಗಳನ್ನು ರಸ್ತೆಗೆ ಕಳುಹಿಸುತ್ತದೆ. ಎಲ್ಲೆಂದರಲ್ಲಿ ಪ್ರವೇಶ ಕೊಡದೆ, ನಿಗದಿಯಾದ ಕೆಲವೇ ಸ್ಥಳಗಳಲ್ಲಿ ಬಿಟ್ಟರೆ ಮಾತ್ರ ವರ್ತುಲವು ತನ್ನ ಮೂಲ ಕೆಲಸವನ್ನು ಉಳಿಸಿಕೊಳ್ಳಬಲ್ಲದು.

ಹೊಲದ ಬೆಲೆ

ಇನ್ನೊಂದು ಲೆಕ್ಕ ಉಳಿದಿದೆ. 60 ಮೀಟರ್ ಅಗಲದ ರಸ್ತೆಯ ಪ್ರತಿ ಕಿಲೋಮೀಟರಿಗೆ 6 ಹೆಕ್ಟೇರು, ಎಂದರೆ ಸುಮಾರು 15 ಎಕರೆ ಭೂಮಿ ಬೇಕು. ನಾವು ಭಾವಿಸಿದ 63 ಕಿ.ಮೀ. ವರ್ತುಲಕ್ಕೆ 900 ಎಕರೆಗೂ ಮಿಕ್ಕಿ ಹೊಲ ಹೋಗುತ್ತದೆ. ಉಳಿದ ಹೊಲವೂ ಇಬ್ಭಾಗವಾದರೆ, ಮನೆ ಒಂದು ಕಡೆ, ಬೆಳೆ ಇನ್ನೊಂದು ಕಡೆ ಆಗುತ್ತದೆ. ಹತ್ತಿರದಲ್ಲಿ ಕೆಳಸೇತುವೆಯಿಲ್ಲದಿದ್ದರೆ ರೈತನು ಎತ್ತುಗಳೊಡನೆ ವೇಗದ ವಾಹನಗಳ ನಡುವೆಯೇ ದಾಟಬೇಕಾಗುತ್ತದೆ. ಎರೆಭೂಮಿಯಲ್ಲಿ ಮತ್ತೊಂದು ತೊಡಕುಂಟು. ಎರೆಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಎತ್ತರದ ರಸ್ತೆಯ ದಿಬ್ಬವು ಮಳೆನೀರಿನ ಸಹಜ ಹರಿವನ್ನು ತಡೆದರೆ ಹೊಲವೂ ಕೆಡುತ್ತದೆ, ರಸ್ತೆಯ ತಳವೂ ಕೆಡುತ್ತದೆ. ಸಾಕಷ್ಟು ಮೋರಿಗಳನ್ನು ಕಟ್ಟುವುದು ರೈತನಿಗೂ ರಸ್ತೆಗೂ ಸಮಾನವಾಗಿ ಹಿತ.

ವಿದ್ಯಾರ್ಥಿಗಳು ತಮ್ಮ ಊರಿನ ನಕ್ಷೆಯೊಂದನ್ನು ತೆಗೆದುಕೊಂಡು, ಹಳೆಯ ಪೇಟೆರಸ್ತೆಯನ್ನೂ ಬೈಪಾಸನ್ನೂ ದಾರದಿಂದ ಅಳೆದು, ಎರಡರ ಉದ್ದವನ್ನೂ ಪ್ರಯಾಣದ ಕಾಲವನ್ನೂ ಹೋಲಿಸಿ ನೋಡಬಹುದು. ಬೈಪಾಸಿನ ಅಂಚಿನಲ್ಲಿ ಎಷ್ಟು ಹೊಸ ಅಂಗಡಿಗಳು ಬಂದಿವೆ, ಹೊಲಕ್ಕೆ ಹೋಗುವವರು ಎಲ್ಲಿ ದಾಟುತ್ತಾರೆ ಎಂಬುದನ್ನೂ ಗುರುತಿಸಿಕೊಳ್ಳಲಿ. ರಸ್ತೆಯೊಂದು ಯಾರಿಗೆ ಎಷ್ಟು ಕಾಲವನ್ನು ಉಳಿಸಿತು, ಯಾರಿಂದ ಏನನ್ನು ಪಡೆಯಿತು ಎಂಬ ಎರಡನ್ನೂ ಕೂಡಿ ಕಳೆದಾಗಲೇ ಅದರ ಲೆಕ್ಕ ಪೂರ್ತಿಯಾಗುತ್ತದೆ.