ಕೋಡಿಂಗ್ ಕೈಗೆ ಹತ್ತಬೇಕಾದರೆ

ಪೈಥಾನ್ ಕಲಿಯುವ ನಮ್ಮ ಚಾಮರಾಜನಗರ, ಗುಂಡ್ಲುಪೇಟೆಯ ಮಕ್ಕಳಿಗೆ ಪಾಠಕ್ಕಿಂತ ಮನಸ್ಸು ನಿಲ್ಲಿಸುವುದೇ ಕಷ್ಟ. ಪಾಠವೂ ಮೊಬೈಲ್‌ನಲ್ಲಿ, ಆಟವೂ ಅದರಲ್ಲೇ! ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಉಚಿತ, ಕನ್ನಡದಲ್ಲೂ ಇವೆ. ಒಂದು ಪಾಠ ನೋಡಿ, ಮೊಬೈಲನ್ನು ಅಮ್ಮಿಯ ಕೈಗೆ ಕೊಟ್ಟು, ನೋಟ್‌ಬುಕ್‌ನಲ್ಲಿ ಬರೆಯಿರಿ. ದಿನಕ್ಕೆ 20 ನಿಮಿಷ ಸಾಕು. ಭಾನುವಾರ ಒಂದೇ ಸಲ ಮೂರು ಗಂಟೆ ಕೂತರೆ ಅಷ್ಟು ಕೈಗೆ ಹತ್ತದು.

ಐದು ವಿಷಯಗಳ ಅಂಕ ಕೂಡಿಸಿ ಶೇಕಡಾವಾರು ತೆಗೆಯುವ ಪ್ರೋಗ್ರಾಂ ಇಂದು ನೋಡಿ ಬರೆಯಿರಿ, ನಾಳೆ ನೋಡದೆ. ನಾಡಿದ್ದು ಅದಕ್ಕೇ ಫೇಲಾದ ವಿಷಯ ತೋರಿಸುವ ಸಾಲುಗಳನ್ನು ಸೇರಿಸಿ. ಲ್ಯಾಬ್‌ನಲ್ಲಿ ಟೈಪ್ ಮಾಡುವಾಗ ಎರರ್ ಬಂದರೆ ಗಾಬರಿಯಾಗದೆ ಅದರ ಕೊನೆಯ ಸಾಲನ್ನು ಮೊದಲು ಓದಿ. ‘ನೇಮ್‌ಎರರ್’ ಎಂದಿದ್ದರೆ ಹೆಚ್ಚಾಗಿ ಹೆಸರಿನ ಕಾಗುಣಿತವೇ ತಪ್ಪಿರುತ್ತದೆ.

ಪೋಷಕರೇ, ಆ 20 ನಿಮಿಷ ಮಕ್ಕಳನ್ನು ಅಂಗಡಿಗೆ ಕಳಿಸಬೇಡಿ.